ಡಯಾಲಿಸಿಸ್ ಹಾಸಿಗೆಯ ಮೇಲೆ ಕೊರೊನಾ ಲಸಿಕೆಯ ಲೆಕ್ಕ

"ನಮ್ಮಂಥೋರಿಗೆ ಲಸಿಕೆ ಹಿಡೀತದಾ ಸಾರ್?" 2021ರ ಮಾರ್ಚ್‌ನಲ್ಲಿ ಡಯಾಲಿಸಿಸ್ ಘಟಕಗಳಲ್ಲಿ ಶುರುವಾದ ಈ ಪ್ರಶ್ನೆ ಇನ್ನೂ ನಿಂತಿಲ್ಲ. ಕೇಳುವವರು ಸುಮ್ಮನೆ ಅನುಮಾನ ಪಡುವ ಜನ ಅಲ್ಲ. ಹೆಪಟೈಟಿಸ್ ಬಿ ಸೂಜಿಯನ್ನು ನಾಲ್ಕು ಸಲ ಚುಚ್ಚಿಸಿಕೊಂಡ ಮೇಲೂ "ಟೈಟರ್ (ರಕ್ತದಲ್ಲಿನ ಪ್ರತಿಕಾಯದ ಮಟ್ಟ) ಬಂದಿಲ್ಲ, ಇನ್ನೊಂದು ಸುತ್ತು ಹಾಕಬೇಕು" ಎಂದು ಹೇಳಿಸಿಕೊಂಡವರು. ಅವರಿಗೆ ಸಿಗುವ ಉತ್ತರ ಹೆಚ್ಚಾಗಿ ಎರಡೇ ಬಗೆಯದು. ಒಂದು, "ಹಾಕಿಸ್ಕೊಳ್ಳಿ, ಎಲ್ರಿಗೂ ಒಂದೇ." ಇನ್ನೊಂದು, "ನಿಮಗೆ ಅಷ್ಟಾಗಿ ಕೆಲಸ ಮಾಡಲ್ಲ, ಹುಷಾರಾಗಿರಿ." ಎರಡೂ ಅರ್ಧ ಸತ್ಯ. ಮೊದಲನೆಯದನ್ನು ನಂಬಿದವರು ಎರಡು ಡೋಸಿಗೇ ನಿಲ್ಲಿಸಿದರು. ಎರಡನೆಯದನ್ನು ನಂಬಿದವರಲ್ಲಿ ಎಷ್ಟೋ ಮಂದಿ ಹಾಕಿಸಿಕೊಳ್ಳಲೇ ಇಲ್ಲ.

ಈ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ಲಸಿಕೆ ಹಾಕಿದರೆ ಮೈಯಲ್ಲಿ ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ಹುಟ್ಟುತ್ತದೆಯೇ? ಹುಟ್ಟಿದ್ದು ಎಷ್ಟು ದಿನ ಉಳಿಯುತ್ತದೆ? ಸೋಂಕು ತಗುಲಿದರೆ ಐಸಿಯು ಮತ್ತು ಸಾವಿನಿಂದ ಕಾಪಾಡುತ್ತದೆಯೇ? ಹೆಚ್ಚಿನವರಲ್ಲಿ ಹುಟ್ಟುತ್ತದೆ, ಆದರೆ ಬೇಗ ಇಳಿಯುತ್ತದೆ. ಕಾಪಾಡುತ್ತದೆ, ಚೆನ್ನಾಗಿಯೇ ಕಾಪಾಡುತ್ತದೆ, ಆದರೆ ಡೋಸುಗಳು ಹೊತ್ತಿಗೆ ಸರಿಯಾಗಿ ಬಿದ್ದರೆ ಮಾತ್ರ. ನಮ್ಮಲ್ಲಿ ತಪ್ಪಿದ್ದು ಈ ಹೊತ್ತು.

ಮನೆಯಲ್ಲಿ ಕೂರಲಾಗದವರು

2020ರ ಮಾರ್ಚ್ ಕೊನೆಗೆ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಇವರು ಹೊರಗೆ ಬರಲೇಬೇಕಿತ್ತು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ ಎರಡು ಸಲ, ಬೇರೆ ಕಡೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಬರುವುದು ಹಂಚಿಕೊಂಡ ಆಟೋದಲ್ಲಿ, ಇಲ್ಲವೇ ಅವರಿವರ ಬೈಕಿನ ಹಿಂದೆ. ಬಂದು ಮಲಗುವುದು ಕಿಟಕಿ ಮುಚ್ಚಿ ಎಸಿ ಹಾಕಿದ ಒಂದೇ ಕೋಣೆಯ ಸಾಲು ಹಾಸಿಗೆಗಳಲ್ಲಿ. ಒಂದು ಶಿಫ್ಟಿನವರು ಏಳುತ್ತಿರುವಾಗಲೇ ಮುಂದಿನ ಶಿಫ್ಟಿನವರು ತೂಕ ನೋಡಿಸಿಕೊಳ್ಳಲು ಸಾಲು ನಿಂತಿರುತ್ತಾರೆ. ಸೋಂಕು ಹರಡಲು ಇದಕ್ಕಿಂತ ಅನುಕೂಲದ ಜಾಗ ಬೇಕಿಲ್ಲ.

ತಗುಲಿದರೆ ಏನಾಗುತ್ತಿತ್ತು ಎಂಬುದಕ್ಕೆ ಯುರೋಪಿನ ದೇಶಗಳು ಇಟ್ಟ ದಾಖಲೆಗಳಿವೆ. ಮೊದಲ ಅಲೆಯಲ್ಲಿ ಸೋಂಕು ಪತ್ತೆಯಾದ ಡಯಾಲಿಸಿಸ್ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರು 28 ದಿನದೊಳಗೆ ತೀರಿಕೊಂಡರು. ಲಸಿಕೆಯ ಪ್ರಯೋಜನವನ್ನು ಅಳೆಯುವಾಗ ಈ ಅಂಕಿಯನ್ನು ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಸಾವಿನ ಅಪಾಯ ನೂರಕ್ಕೆ 20 ಇರುವವರಿಗೆ ಲಸಿಕೆ ಅದನ್ನು ಐದನೇ ಒಂದು ಪಾಲಿಗೆ ಇಳಿಸಿತು ಎಂದುಕೊಳ್ಳೋಣ. ಉಳಿದದ್ದು ನೂರಕ್ಕೆ 4. ಆರೋಗ್ಯವಾಗಿರುವ 25ರ ಹುಡುಗನ ಅಪಾಯ ಲಸಿಕೆ ಇಲ್ಲದೆಯೂ ಇದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಒಂದೇ ಲಸಿಕೆ, ಒಂದೇ ಶೇಕಡಾವಾರು ರಕ್ಷಣೆ ಅಂತಿಟ್ಟುಕೊಂಡರೂ ನೂರು ಡಯಾಲಿಸಿಸ್ ರೋಗಿಗಳಲ್ಲಿ ಅದು 16 ಜೀವ ಉಳಿಸುತ್ತದೆ. ನೂರು ಹುಡುಗರಲ್ಲಿ ಒಂದನ್ನೂ ಉಳಿಸುವ ಅವಕಾಶ ಇರಲಿಕ್ಕಿಲ್ಲ. ಜೊತೆಗೆ ಲಸಿಕೆ ಹಾಕಿಸಿಕೊಂಡ ಮೇಲೂ ಡಯಾಲಿಸಿಸ್ ರೋಗಿಗೆ ಉಳಿಯುವ ಅಪಾಯ ಸಣ್ಣದಲ್ಲ. "ಲಸಿಕೆ ಹಾಕಿದ್ರೂ ಹೋದ್ರಲ್ಲ" ಎಂದು ಊರಲ್ಲಿ ಮಾತಾಡುವಾಗ ಈ ಎರಡು ವಿಷಯ ಕಲಸಿಹೋಗುತ್ತವೆ. ಲಸಿಕೆ ಸೋತದ್ದಕ್ಕಿಂತ ಆ ಮನುಷ್ಯ ಎಷ್ಟು ಎತ್ತರದ ಅಪಾಯದಿಂದ ಶುರು ಮಾಡಿದ್ದ ಎಂಬುದು ದೊಡ್ಡ ಸಂಗತಿ.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2020ರ ಡಿಸೆಂಬರ್‌ನಿಂದ 2021ರ ಜೂನ್‌ವರೆಗೆ 13,759 ಡಯಾಲಿಸಿಸ್ ರೋಗಿಗಳನ್ನು ಗಮನಿಸಿದ ಅಧ್ಯಯನ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅದು ಪ್ರತಿಕಾಯ ಎಣಿಸಲಿಲ್ಲ, ಆಸ್ಪತ್ರೆ ಸೇರಿದವರನ್ನೂ ಸತ್ತವರನ್ನೂ ಎಣಿಸಿತು. ಎರಡು ಡೋಸ್ ಪಡೆದವರಲ್ಲಿ ಸೋಂಕು ಶೇ 69ರಷ್ಟು, ಆಸ್ಪತ್ರೆ ಇಲ್ಲವೇ ಸಾವಿನವರೆಗೆ ಹೋಗುವ ಕಾಯಿಲೆ ಶೇ 83ರಷ್ಟು ಕಡಿಮೆಯಾಗಿತ್ತು. ಒಂದೇ ಡೋಸ್ ಪಡೆದವರಲ್ಲಿ ಇದೇ ಲೆಕ್ಕ ಶೇ 41 ಮತ್ತು ಶೇ 46. ಅಲ್ಲಿ ಕೊಟ್ಟದ್ದು ಹೆಚ್ಚಾಗಿ ಫೈಜರ್ ಮತ್ತು ಮಾಡರ್ನಾದ ಎಂಆರ್‌ಎನ್‌ಎ ಲಸಿಕೆಗಳು, ಆಗಿನ್ನೂ ಒಮಿಕ್ರಾನ್ ಹುಟ್ಟಿರಲಿಲ್ಲ, ಹಾಗಾಗಿ ಅಂಕಿಗಳನ್ನು ಎತ್ತಿ ನಮ್ಮ ಕೋವಿಶೀಲ್ಡ್‌ಗೆ ಅಂಟಿಸುವಂತಿಲ್ಲ. ಆದರೂ ಒಂದು ಡೋಸಿಗೂ ಎರಡು ಡೋಸಿಗೂ ನಡುವಿನ ಆ ಅಂತರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಿಡ್ನಿ ಸೋತ ಮೈ ಲಸಿಕೆಯನ್ನು ಹೇಗೆ ತೆಗೆದುಕೊಳ್ಳುತ್ತದೆ

ಮೊದಲು ಒಂದು ಭಯವನ್ನು ಪಕ್ಕಕ್ಕಿಡೋಣ. "ಸೋಮವಾರ ಲಸಿಕೆ, ಮಂಗಳವಾರ ಡಯಾಲಿಸಿಸ್. ರಕ್ತ ತೊಳೆದಾಗ ಲಸಿಕೆನೂ ತೊಳೆದುಹೋಗಲ್ವಾ?" ಹೋಗುವುದಿಲ್ಲ. ಲಸಿಕೆ ಬೀಳುವುದು ತೋಳಿನ ಸ್ನಾಯುವಿಗೆ. ಅಲ್ಲಿಂದ ಅದರ ಕೆಲಸ ಕಂಕುಳಿನ ದುಗ್ಧಗ್ರಂಥಿಗಳಲ್ಲಿ ನಡೆಯುತ್ತದೆ. ಆಮೇಲೆ ಹುಟ್ಟುವ ಐಜಿಜಿ ಪ್ರತಿಕಾಯದ ಅಣುತೂಕ ಸುಮಾರು ಒಂದೂವರೆ ಲಕ್ಷ ಡಾಲ್ಟನ್. ರಕ್ತ ಸೋಸುವ ಡಯಲೈಸರ್‌ನ ರಂಧ್ರಗಳನ್ನು ಮಾಡಿರುವುದೇ 66 ಸಾವಿರ ಡಾಲ್ಟನ್‌ನ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಆಚೆ ಹೋಗದಂತೆ. ಅದರ ಎರಡು ಪಟ್ಟಿಗೂ ದೊಡ್ಡದಾದ ಐಜಿಜಿ ಅಲ್ಲಿ ನುಸುಳುವುದಿಲ್ಲ. ಹೊಟ್ಟೆಯ ಡಯಾಲಿಸಿಸ್, ಅಂದರೆ ಸಿಎಪಿಡಿ ಮಾಡಿಕೊಳ್ಳುವವರಲ್ಲಿ ಮಾತ್ರ ದಿನವೂ ನೀರಿನೊಂದಿಗೆ ಸ್ವಲ್ಪ ಪ್ರೋಟೀನ್ ಹೋಗುತ್ತದೆ, ಅದರಲ್ಲಿ ಐಜಿಜಿಯೂ ಇರುತ್ತದೆ. ಹಾಗಿದ್ದೂ ಅವರು ಲಸಿಕೆಗೆ ಮೆಷಿನ್ನಿನಲ್ಲಿ ರಕ್ತ ತೊಳೆಸಿಕೊಳ್ಳುವ ಹೀಮೋಡಯಾಲಿಸಿಸ್‌ನವರಷ್ಟೇ ಚೆನ್ನಾಗಿ ಸ್ಪಂದಿಸಿದ್ದಾರೆ.

ತೊಂದರೆ ತಯಾರಿಕೆಯ ಹಂತದಲ್ಲೇ ಇದೆ. ಪ್ರೋಟೀನಿಗೆ ಅಂಟಿಕೊಂಡ ಇಂಡಾಕ್ಸಿಲ್ ಸಲ್ಫೇಟ್‌ನಂಥ ವಿಷಗಳನ್ನು ಮೆಷಿನ್ ಸರಿಯಾಗಿ ಹೊರತೆಗೆಯಲಾರದು. ಅವು ಉಳಿದಷ್ಟೂ ಮೈಯಲ್ಲಿ ಒಂದು ಸಣ್ಣ ಉರಿಯೂತ ವರ್ಷಗಟ್ಟಲೆ ಹೊಗೆಯಾಡುತ್ತಿರುತ್ತದೆ. ವೈರಸ್ಸಿನ ತುಣುಕನ್ನು ಹಿಡಿದು ರಕ್ಷಣಾ ವ್ಯವಸ್ಥೆಯ ಟಿ ಕೋಶಗಳಿಗೆ ತೋರಿಸಬೇಕಾದ ಕೋಶಗಳು ಮಂಕಾಗುತ್ತವೆ. ಹೊಸ ಶತ್ರುವನ್ನು ಕಲಿಯಬಲ್ಲ ಎಳೆಯ ಟಿ ಕೋಶಗಳೇ ಕಡಿಮೆಯಾಗಿರುತ್ತವೆ, ನಲವತ್ತರ ರೋಗಿಯ ರಕ್ಷಣಾ ವ್ಯವಸ್ಥೆ ಅರವತ್ತು ದಾಟಿದವರದಂತೆ ವರ್ತಿಸುತ್ತದೆ. ಟಿ ಕೋಶದ ನೆರವಿಲ್ಲದೆ, ಪ್ರತಿಕಾಯ ತಯಾರಿಸುವ ಬಿ ಕೋಶ ಗಟ್ಟಿ ಪ್ರತಿಕಾಯ ಮಾಡುವುದಿಲ್ಲ, ನೆನಪನ್ನೂ ಉಳಿಸಿಕೊಳ್ಳುವುದಿಲ್ಲ. ಇದರ ಮೇಲೆ ಆಲ್ಬುಮಿನ್ ಕಡಿಮೆ ಇದ್ದರೆ, ವಯಸ್ಸಾಗಿದ್ದರೆ, ರಕ್ಷಣಾ ವ್ಯವಸ್ಥೆಯೇ ಮೈಮೇಲೆ ತಿರುಗಿಬೀಳುವ ಲೂಪಸ್‌ಗೋ ಹಿಂದೆ ಮಾಡಿಸಿದ ಕಿಡ್ನಿ ಕಸಿಗೋ ಇನ್ನೂ ಸ್ಟೀರಾಯ್ಡ್ ನುಂಗುತ್ತಿದ್ದರೆ ಫಲ ಮತ್ತಷ್ಟು ತಗ್ಗುತ್ತದೆ. ಹೆಪಟೈಟಿಸ್ ಬಿ ಲಸಿಕೆಗೆ ಟೈಟರ್ ಬಾರದವರು ಕೊರೊನಾ ಲಸಿಕೆಗೂ ಮಂದವಾಗಿ ಸ್ಪಂದಿಸುವ ಸಾಧ್ಯತೆ ಹೆಚ್ಚು. ಘಟಕದ ಫೈಲಿನಲ್ಲಿ ಅದಾಗಲೇ ಬರೆದಿಟ್ಟ ಈ ಸುಳಿವನ್ನು ಹೆಚ್ಚು ಜನ ತಿರುಗಿ ನೋಡಲಿಲ್ಲ.

ಇದೇನೂ 2021ರಲ್ಲಿ ಕಂಡುಹಿಡಿದ ವಿಷಯವಲ್ಲ. ಹೆಪಟೈಟಿಸ್ ಬಿಗೆ ಉಳಿದ ವಯಸ್ಕರಿಗೆ 20 ಮೈಕ್ರೊಗ್ರಾಂ, ಮೂರು ಡೋಸ್. ಡಯಾಲಿಸಿಸ್‌ನವರಿಗೆ 40 ಮೈಕ್ರೊಗ್ರಾಂ, ಮೊದಲ ದಿನ, ಆಮೇಲೆ ಒಂದು, ಎರಡು, ಆರನೇ ತಿಂಗಳಿಗೆ, ಒಟ್ಟು ನಾಲ್ಕು. ಮುಗಿದು ಒಂದೆರಡು ತಿಂಗಳಿಗೆ ಟೈಟರ್ ನೋಡಬೇಕು, 10ಕ್ಕಿಂತ ಕಡಿಮೆ ಇದ್ದರೆ ಮತ್ತೊಂದು ಸುತ್ತು, ಬಂದವರಿಗೂ ವರ್ಷಕ್ಕೊಮ್ಮೆ ತಪಾಸಣೆ, ಇಳಿದಿದ್ದರೆ ಬೂಸ್ಟರ್. ಯಾವ ಚಿಕ್ಕ ಘಟಕದ ಟೆಕ್ನಿಷಿಯನ್ನನ್ನು ಕೇಳಿದರೂ ಇದನ್ನು ಬಾಯಿಪಾಠ ಒಪ್ಪಿಸುತ್ತಾರೆ. ಕಿಡ್ನಿ ರೋಗಿಯ ಡೋಸು ಬೇರೆ, ಅಂತರ ಬೇರೆ ಎಂಬುದು ಗೊತ್ತಿದ್ದ ಸಂಗತಿ. ಕೊರೊನಾ ಬಂದಾಗ ಮಾತ್ರ ಇವರನ್ನೂ ಉಳಿದವರ ಕ್ಯಾಲೆಂಡರಿಗೇ ಸೇರಿಸಿದೆವು.

ಎರಡು ಲ್ಯಾಬ್, ಎರಡು ರಿಪೋರ್ಟ್

2021ರ ಮಳೆಗಾಲದ ಒಂದು ಬೆಳಗಿನ ಶಿಫ್ಟ್. ಪಕ್ಕಪಕ್ಕದ ಹಾಸಿಗೆಯಲ್ಲಿ ಇಬ್ಬರು, ಇಬ್ಬರ ಕೈಯಲ್ಲೂ ಲ್ಯಾಬಿನ ಆ್ಯಂಟಿಬಾಡಿ ರಿಪೋರ್ಟು. ಕಿಟಕಿ ಕಡೆಯವರಿಗೆ 900 ಬಂದಿತ್ತು, ಮುಖದಲ್ಲಿ ನಗು. ಗೋಡೆ ಕಡೆಯ ಹೆಂಗಸಿಗೆ 250. "ಅಣ್ಣಾ, ನಿಮಗೆ ಮೂರು ಪಟ್ಟು ಬಂದದೆ ನೋಡಿ, ನನ್ ಮೈಗೆ ಏನು ಹಾಕಿದ್ರೂ ಅಷ್ಟೆ," ಎಂದು ಆಕೆ ರಿಪೋರ್ಟು ಮಡಚಿ ದಿಂಬಿನಡಿ ಇಟ್ಟುಬಿಟ್ಟರು. ಸಿಸ್ಟರ್ ಎರಡನ್ನೂ ತೆಗೆದುಕೊಂಡು ಅಂಕಿಯ ಪಕ್ಕದ ಸಣ್ಣ ಅಕ್ಷರ ಓದಿದರು. ಒಂದರಲ್ಲಿ ಎಯು, ಇನ್ನೊಂದರಲ್ಲಿ ಬರೀ ಯು. ಮೊದಲನೆಯದು ಅಬಾಟ್ ಕಂಪನಿಯ ಪರೀಕ್ಷೆ, ಅದರಲ್ಲಿ 50 ದಾಟಿದರೆ ಪಾಸಿಟಿವ್. ಎರಡನೆಯದು ರೋಶ್ ಕಂಪನಿಯದು, ಅದರಲ್ಲಿ 0.8 ದಾಟಿದರೇ ಪಾಸಿಟಿವ್. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಅಳತೆಯಾದ ಬಿಎಯುಗೆ ತರಬೇಕಾದರೆ ಅಬಾಟ್ ಅಂಕಿಯನ್ನು 0.142ರಿಂದ ಗುಣಿಸಬೇಕು, ರೋಶ್ ಅಂಕಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. 900 ಇಳಿದು 128 ಆಯಿತು. 250 ಹೆಚ್ಚುಕಡಿಮೆ 250ರಲ್ಲೇ ನಿಂತಿತು. ಬೇಸರ ಪಟ್ಟ ಆಕೆಯ ಅಂಕಿಯೇ ಮೇಲಿತ್ತು.

ಅಷ್ಟಾದರೂ ಆ 250 ಸಾಕೇ ಎಂದು ಹೇಳಲು ಬರುವುದಿಲ್ಲ. ಹೆಪಟೈಟಿಸ್ ಬಿಗೆ ಇರುವ 10ರಂಥ ಗೆರೆ ಕೊರೊನಾಗೆ ಇಲ್ಲ. ವೈರಸ್ ರೂಪ ಬದಲಿಸಿದಂತೆ ನಿನ್ನೆ ಸಾಕಾಗಿದ್ದ ಮಟ್ಟ ಇವತ್ತು ಸಾಲದು. ಅದೂ ಅಲ್ಲದೆ ಪ್ರತಿಕಾಯ ಕಾಯುವುದು ಮುಖ್ಯವಾಗಿ ಮೂಗು ಗಂಟಲಿನ ಬಾಗಿಲನ್ನು. ಒಳಗೆ ಬಂದ ಮೇಲೆ ಶ್ವಾಸಕೋಶ ಹಾಳಾಗದಂತೆ ನೋಡಿಕೊಳ್ಳುವುದರಲ್ಲಿ ಟಿ ಕೋಶಗಳ ಪಾಲು ದೊಡ್ಡದು, ಅವನ್ನು ಈ ಪರೀಕ್ಷೆ ಅಳೆಯುವುದೇ ಇಲ್ಲ. ಇನ್ನೊಂದು ಎಡವಟ್ಟೂ ನಡೆಯುತ್ತಿತ್ತು. ಕೆಲವು ಲ್ಯಾಬುಗಳು ವೈರಸ್ಸಿನ ಒಳಭಾಗದ ನ್ಯೂಕ್ಲಿಯೋಕ್ಯಾಪ್ಸಿಡ್‌ಗೆ ಹುಟ್ಟುವ ಪ್ರತಿಕಾಯ ನೋಡಿ "ನೆಗೆಟಿವ್" ಎಂದು ಕೊಡುತ್ತಿದ್ದವು. ಕೋವಿಶೀಲ್ಡ್ ಕಲಿಸುವುದು ಬರೀ ವೈರಸ್ಸಿನ ಹೊರಮೈಯ ಸ್ಪೈಕ್ ಪ್ರೋಟೀನನ್ನು, ಹಾಗಾಗಿ ಸೋಂಕೇ ಆಗದವರಲ್ಲಿ ಆ ಪರೀಕ್ಷೆ ನೆಗೆಟಿವ್ ಬರಲೇಬೇಕು. ಇಡೀ ವೈರಸ್ಸನ್ನು ಕೊಂದು ಮಾಡಿದ ಕೋವ್ಯಾಕ್ಸಿನ್‌ನ ಕಥೆ ಬೇರೆ. ರೋಗಿಯ ದುಡ್ಡು ಈ ರಿಪೋರ್ಟಿಗೆ ಹೋಗುವುದಕ್ಕಿಂತ ಮುಂದಿನ ಡೋಸಿಗೋ ಹಿಮೋಗ್ಲೋಬಿನ್ ಏರಿಸುವ ಇಂಜೆಕ್ಷನ್ನಿಗೋ ಹೋಗುವುದು ಮೇಲು.

ಗುಂಪಿನ ಮಟ್ಟದಲ್ಲಿ ನೋಡಿದಾಗ ಮಾತ್ರ ಈ ಅಂಕಿಗಳು ಪಾಠ ಹೇಳುತ್ತವೆ. ಇಸ್ರೇಲ್‌ನಲ್ಲಿ ಫೈಜರ್ ಎರಡು ಡೋಸ್ ಪಡೆದ 56 ಡಯಾಲಿಸಿಸ್ ರೋಗಿಗಳಲ್ಲಿ 54 ಮಂದಿಗೆ ಪ್ರತಿಕಾಯ ಬಂತು, ಅಂದರೆ ಶೇ 96. ಆದರೆ ಮಟ್ಟದ ಮಧ್ಯಾಂಕ 2,900. ಆರೋಗ್ಯವಂತರಲ್ಲಿ ಅದು 7,401. ಅರ್ಧಕ್ಕಿಂತ ಕೆಳಗಿನಿಂದ ಶುರುವಾದದ್ದು ತಿಂಗಳು ತಿಂಗಳು ಇಳಿಯುತ್ತ ಹೋದರೆ ಖಾಲಿಯಾಗುವುದೂ ಬೇಗ. ಮೂರನೇ ಡೋಸ್ ಇವರಿಗೆ ಐಚ್ಛಿಕವಲ್ಲ, ಮೂಲ ಲೆಕ್ಕದ್ದೇ ಭಾಗ ಎಂಬುದು ಅಲ್ಲಿಂದ ಬರುತ್ತದೆ. ಫ್ರಾನ್ಸ್ 2021ರ ಏಪ್ರಿಲ್‌ನಲ್ಲೇ ಡಯಾಲಿಸಿಸ್ ರೋಗಿಗಳಿಗೆ ಮೂರನೇ ಡೋಸ್ ಹೇಳಿತು. ಒಮಿಕ್ರಾನ್ ಬಂದ ಮೇಲೆ ಬ್ರಿಟನ್ನಿನ ರೋಗಿಗಳಲ್ಲಿ ನೋಡಿದಾಗ, ನಮ್ಮ ಕೋವಿಶೀಲ್ಡ್‌ನದೇ ಮೂಲವಾದ ಆಸ್ಟ್ರಾಜೆನೆಕಾ ಎರಡು ಡೋಸ್ ಪಡೆದವರ ರಕ್ತ ಆ ವೈರಸ್ಸನ್ನು ತಡೆಯುವುದರಲ್ಲಿ ಬಹಳ ಹಿಂದಿತ್ತು. ಮೂರನೆಯದು ಬಿದ್ದ ಮೇಲೆ ಮೇಲೆದ್ದಿತು.

ಕ್ಯಾಲೆಂಡರ್ ಮಾಡಿದ ಅನ್ಯಾಯ

2021ರ ಮಾರ್ಚ್ 1ರಂದು 60 ದಾಟಿದವರ ಜೊತೆಗೆ 45ರಿಂದ 59ರೊಳಗಿನ ಕಾಯಿಲೆಯವರಿಗೂ ಲಸಿಕೆ ತೆರೆದಾಗ, 20 ಕಾಯಿಲೆಗಳ ಪಟ್ಟಿಯಲ್ಲಿ ಹೀಮೋಡಯಾಲಿಸಿಸ್ ಮತ್ತು ಸಿಎಪಿಡಿ ಎಂದು ಸ್ಪಷ್ಟವಾಗಿ ಬರೆದಿತ್ತು. ವೈದ್ಯರ ಸಹಿ ಇದ್ದರೆ ಸಾಕು. ಒಳ್ಳೆಯ ನಿರ್ಧಾರ. ಆದರೆ 45ರೊಳಗಿನ ಡಯಾಲಿಸಿಸ್ ರೋಗಿ ಮೇ 1ರವರೆಗೆ ಹೊರಗೇ ಉಳಿದ. ನಮ್ಮಲ್ಲಿ ಮೂವತ್ತು ನಲವತ್ತರ ವಯಸ್ಸಿಗೇ ಕಿಡ್ನಿ ಕಳೆದುಕೊಂಡು ಬರುವವರು ಬಹಳ. ಮೇ ಹೊತ್ತಿಗೆ ಎರಡನೇ ಅಲೆ ನೆತ್ತಿಯ ಮೇಲಿತ್ತು, ಲಸಿಕೆ ಸಿಗುತ್ತಿರಲಿಲ್ಲ.

ಅದೇ ಮೇ 13ರಂದು ಕೋವಿಶೀಲ್ಡ್ ಡೋಸುಗಳ ಅಂತರವನ್ನು 6–8 ವಾರದಿಂದ 12–16 ವಾರಕ್ಕೆ ಏರಿಸಲಾಯಿತು. ಅದಕ್ಕೆ ಆಧಾರ ಇಲ್ಲದಿರಲಿಲ್ಲ. ಆಸ್ಟ್ರಾಜೆನೆಕಾ ಪ್ರಯೋಗಗಳಲ್ಲಿ 12 ವಾರ ದಾಟಿಸಿದವರಿಗೆ ಶೇ 81, ಆರು ವಾರದೊಳಗೆ ಪಡೆದವರಿಗೆ ಶೇ 55 ರಕ್ಷಣೆ ಕಂಡಿತ್ತು. ಆದರೆ ಆ ಪ್ರಯೋಗದಲ್ಲಿದ್ದವರು ಬಹುತೇಕ ಆರೋಗ್ಯವಂತರು. ಒಂದೇ ಡೋಸ್ ಕೂಡ ಅವರನ್ನು ನಡುವಿನ ತಿಂಗಳುಗಳಲ್ಲಿ ತಕ್ಕಮಟ್ಟಿಗೆ ಕಾಯುತ್ತದೆ. ಒಂಟಾರಿಯೊದ ಅಂಕಿ ಈಗ ನೋಡಿ: ಡಯಾಲಿಸಿಸ್ ರೋಗಿಗೆ ಒಂದು ಡೋಸಿನಿಂದ ಸಿಕ್ಕಿದ್ದು ಅರ್ಧಕ್ಕೂ ಕಡಿಮೆ ರಕ್ಷಣೆ. ಅಂಥವರನ್ನು ಡೆಲ್ಟಾದ ನಡುವೆ ನಾಲ್ಕು ತಿಂಗಳವರೆಗೂ ಒಂದೇ ಡೋಸಿನ ಮೇಲೆ ನಿಲ್ಲಿಸಿ, ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆಸಿದೆವು. ಡಯಾಲಿಸಿಸ್ ಮತ್ತು ಕಸಿ ರೋಗಿಗಳಿಗೆ ಹಳೆಯ ಅಂತರವೇ ಇರಲಿ ಎಂದು ಒಂದು ಸಾಲು ಸೇರಿಸಿದ್ದರೆ ಸಾಕಾಗಿತ್ತು.

ಮೂರನೇ ಡೋಸಿನಲ್ಲಿ ಮತ್ತೆ ಅದೇ. 2022ರ ಜನವರಿ 10ಕ್ಕೆ ಮುನ್ನೆಚ್ಚರಿಕೆ ಡೋಸ್ ಶುರುವಾದಾಗ ಆರೋಗ್ಯ ಸಿಬ್ಬಂದಿ, ಮುಂಚೂಣಿ ಕಾರ್ಯಕರ್ತರು ಮತ್ತು ಕಾಯಿಲೆ ಇರುವ 60 ದಾಟಿದವರಿಗೆ ಮಾತ್ರ ಅವಕಾಶ, ಅದೂ ಎರಡನೆಯದಾಗಿ ಒಂಬತ್ತು ತಿಂಗಳಾದ ಮೇಲೆ. ಮೆಷಿನ್ ಹಚ್ಚುವ ಟೆಕ್ನಿಷಿಯನ್‌ಗೆ ಸಿಕ್ಕಿತು, ಮೆಷಿನ್ನಿಗೆ ಮಲಗಿದ 50ರ ರೋಗಿಗೆ ಸಿಗಲಿಲ್ಲ. ವರ್ಷದ ಹಿಂದೆ ಪಟ್ಟಿಯಲ್ಲಿದ್ದ ಕಾಯಿಲೆಯ ಹೆಸರು ಈ ಸಲ ವಯಸ್ಸಿನ ಗೆರೆಯ ಕೆಳಗೆ ಮಾಯವಾಗಿತ್ತು. ಅವರಿಗೆ ಬಾಗಿಲು ತೆರೆದದ್ದು ಏಪ್ರಿಲ್ 10ಕ್ಕೆ, ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು. ಉಚಿತವಾಗಿ ಸಿಕ್ಕಿದ್ದು ಜುಲೈ 15ರ ನಂತರ. ಒಮಿಕ್ರಾನ್ ಅಲೆ ಅಷ್ಟರಲ್ಲಿ ಬಂದು ಹೋಗಿತ್ತು.

ಲಸಿಕೆಯನ್ನೇ ಘಟಕಕ್ಕೆ ತರುವುದು ಕಷ್ಟದ ಕೆಲಸವೂ ಆಗಿರಲಿಲ್ಲ. ಅಮೆರಿಕ 2021ರ ಮಾರ್ಚ್ ಕೊನೆಗೆ ಡಯಾಲಿಸಿಸ್ ಕೇಂದ್ರಗಳಿಗೆ ನೇರವಾಗಿ ಲಸಿಕೆ ಹಂಚಿತು. ಕೋವಿಶೀಲ್ಡ್ ಒಂದು ವಯಲ್‌ನಲ್ಲಿ 10 ಡೋಸ್ ಇರುತ್ತಿತ್ತು, ಮುಚ್ಚಳ ತೆಗೆದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕಿತ್ತು. ಆರು ಮೆಷಿನ್ನಿನ ಘಟಕದಲ್ಲಿ ಶಿಫ್ಟ್ ಬದಲಾಗುವ ಒಂದೇ ಗಂಟೆಯಲ್ಲಿ 12 ರೋಗಿಗಳು, ಅವರ ಜೊತೆ ಬಂದ ಮನೆಯವರು ಅಲ್ಲೇ ಇರುತ್ತಾರೆ. ಒಂದು ಹನಿ ಪೋಲಾಗದು. ಅರ್ಧ ಗಂಟೆ ಕಾಯಿಸಿ ನೋಡುವ ನಿಯಮಕ್ಕೂ ಬೇರೆ ಜಾಗ ಬೇಡ, ಅವರು ನಾಲ್ಕು ಗಂಟೆ ಕಣ್ಣೆದುರೇ ಮಲಗಿರುತ್ತಾರೆ, ಬಿಪಿ ಗಂಟೆಗೊಮ್ಮೆ ನೋಡಿಯೇ ನೋಡುತ್ತಾರೆ.

ಸೂಜಿ ಹಾಕುವ ದಿನ

ಕೊರೊನಾ ಆಗಲಿ, ಫ್ಲೂ ಆಗಲಿ, ನ್ಯೂಮೋಕಾಕಲ್ ಆಗಲಿ, ಡಯಾಲಿಸಿಸ್ ರೋಗಿಗೆ ಲಸಿಕೆ ಹಾಕುವಾಗ ಗಮನಿಸಬೇಕಾದ್ದು ಇಷ್ಟು. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರುವ ಕೈ ಬೇಡ. ಮುಂದೆ ಫಿಸ್ಟುಲಾ ಮಾಡಿಸಲು ಗುರುತಿಸಿದ ಕೈಯನ್ನೂ ಬಿಡುವುದು ಒಳ್ಳೆಯದು. ಲಸಿಕಾ ಕೇಂದ್ರದ ಗದ್ದಲದಲ್ಲಿ ಸಿಸ್ಟರ್ ಕೇಳದೇ ಇರಬಹುದು, ರೋಗಿಯೇ ತೋಳು ಮಡಚುವ ಮೊದಲು "ಈ ಕೈ ಬೇಡ ಸಿಸ್ಟರ್, ಫಿಸ್ಟುಲಾ ಇದೆ" ಎನ್ನಬೇಕು. ಮೆಷಿನ್ನಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹೋಗುತ್ತಿರುವಾಗ ಸ್ನಾಯುವಿಗೆ ಚುಚ್ಚಿದರೆ ಒಳಗೆ ರಕ್ತ ಗಡ್ಡೆ ಕಟ್ಟಬಹುದು. ಮೆಷಿನ್ನಿಗೆ ಹಚ್ಚುವ ಮೊದಲು ಹಾಕುವುದು, ಇಲ್ಲವೇ ಡಯಾಲಿಸಿಸ್ ಇಲ್ಲದ ದಿನ ಹಾಕುವುದು ಸಲೀಸು. 23 ಅಥವಾ 25 ಗೇಜ್‌ನ ಸಣ್ಣ ಸೂಜಿ, ತೆಗೆದ ಮೇಲೆ ಉಜ್ಜದೆ ಎರಡು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯುವುದು. ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು; ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಟ್ಟಬಾರದು, ದಿನಕ್ಕೆ ಒಂದಿಷ್ಟು ಮೂತ್ರ ಇನ್ನೂ ಬರುತ್ತಿರುವವರಂತೂ ಮುಟ್ಟಲೇಬಾರದು. "ಲಸಿಕೆ ಹಾಕಿಸ್ಕೊಂಡಿದೀರಿ, ಚೆನ್ನಾಗಿ ನೀರು ಕುಡೀರಿ" ಎಂಬ ಸಲಹೆ ಇವರಿಗಲ್ಲ. ನೀರಿನ ಲೆಕ್ಕ ಎಂದಿನಂತೆಯೇ.

ಕುತ್ತಿಗೆಯಲ್ಲಿ ಡಯಾಲಿಸಿಸ್ ಕೊಳವೆ, ಅಂದರೆ ಕ್ಯಾತೆಟರ್ ಇರುವವರ ವಿಷಯ ಬೇರೆಯಾಗಿಯೇ ಹೇಳಬೇಕು. ಮಂಗಳವಾರ ಲಸಿಕೆ ಹಾಕಿಸಿಕೊಂಡ ಒಬ್ಬರು ಶುಕ್ರವಾರ ಡಯಾಲಿಸಿಸ್‌ಗೆ ಬಂದರು. ಮೆಷಿನ್ ಹಚ್ಚಿ ಅರ್ಧ ಗಂಟೆಯಾಗಿತ್ತು, ಹಲ್ಲು ಕಟಕಟಿಸುವ ಚಳಿ, ಕಂಬಳಿ ಮೂರು ಹೊದೆಸಿದರೂ ನಡುಕ ನಿಲ್ಲದು. "ಲಸಿಕೆ ಜ್ವರ ಕಣ್ರೀ, ನಮ್ಮ ಭಾವನಿಗೂ ಹಿಂಗೇ ಆಗಿತ್ತು" ಎಂದು ಹೆಂಡತಿ ಸಮಾಧಾನ ಹೇಳುತ್ತಿದ್ದರು. ಘಟಕದ ಹಿರಿಯ ಟೆಕ್ನಿಷಿಯನ್ ಒಪ್ಪಲಿಲ್ಲ. ಲಸಿಕೆಯ ಜ್ವರ ಸಾಮಾನ್ಯವಾಗಿ ಅದೇ ದಿನವೋ ಮಾರನೇ ದಿನವೋ ಬಂದು ಎರಡು ದಿನದೊಳಗೆ ಇಳಿಯುತ್ತದೆ, ಮೆಷಿನ್ ಹಚ್ಚುವ ಗಳಿಗೆ ನೋಡಿಕೊಂಡು ಬರುವುದಿಲ್ಲ. ಹಚ್ಚಿದ ಕೂಡಲೇ ಬರುವ ಚಳಿಜ್ವರ ಹೆಚ್ಚಾಗಿ ಕ್ಯಾತೆಟರ್ ಒಳಗಿನ ಸೋಂಕು ರಕ್ತಕ್ಕೆ ಇಳಿದದ್ದರ ಗುರುತು. ಆ್ಯಂಟಿಬಯಾಟಿಕ್ ಕೊಡುವ ಮೊದಲೇ ರಕ್ತದ ಕಲ್ಚರ್ ಕಳಿಸಿದರು, ಬ್ಯಾಕ್ಟೀರಿಯಾ ಬೆಳೆಯಿತು. ಲಸಿಕೆಯ ಮೇಲೆ ಹಾಕಿ ಒಂದು ಪ್ಯಾರಾಸಿಟಮಾಲ್ ಕೊಟ್ಟು ಮನೆಗೆ ಕಳಿಸಿದ್ದರೆ ಎರಡು ದಿನದಲ್ಲಿ ಮೈಯೆಲ್ಲ ನಂಜೇರಿ ಸೆಪ್ಸಿಸ್ ಆಗಬಹುದಿತ್ತು.

2024ರ ಮೇನಲ್ಲಿ ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟುವ ಸುದ್ದಿ ಟಿವಿಯಲ್ಲಿ ಬಂದಾಗ ಘಟಕಗಳಲ್ಲಿ ಇನ್ನೊಂದು ಭಯ ಹಬ್ಬಿತು, ನಮಗೆ ಹೆಪಾರಿನ್ ಬೇರೆ ಕೊಡುತ್ತಾರಲ್ಲ ಎಂದು. ಆ ತೊಂದರೆ ನಿಜ, ಆದರೆ ತೀರಾ ಅಪರೂಪ, ಮತ್ತು ಅದು ಕಾಣಿಸಿಕೊಳ್ಳುವುದು ಲಸಿಕೆ ಹಾಕಿದ ಕೆಲವು ವಾರಗಳೊಳಗೆ. 2021ರಲ್ಲಿ ಹಾಕಿಸಿಕೊಂಡವರು ಇಂದಿನ ಹೆಪಾರಿನ್ ಬಿಡಬೇಕಾಗಿಲ್ಲ. ಬಿಟ್ಟರೆ ಡಯಲೈಸರ್‌ನಲ್ಲೇ ರಕ್ತ ಗಟ್ಟಿಯಾಗುತ್ತದೆ.

ಕಸಿಗೆ ಕಾಯುತ್ತಿರುವವರು

ಇವತ್ತು ಹೆಚ್ಚಿನವರ ಮೈಯಲ್ಲಿ ಲಸಿಕೆ ಮತ್ತು ಸೋಂಕು ಎರಡೂ ಕಲಿಸಿದ ರಕ್ಷಣೆ ಇದೆ, ಮೊದಲ ಅಲೆಯ ಸಾವಿನ ಪ್ರಮಾಣ ಈಗಿಲ್ಲ. ಆದರೂ ಒಂದು ಗುಂಪಿಗೆ ಹೊತ್ತಿನ ಲೆಕ್ಕ ಈಗಲೂ ಅಷ್ಟೇ ಬಿಗಿ: ಕಿಡ್ನಿ ಕಸಿಗೆ ತಯಾರಾಗುತ್ತಿರುವವರು. ಡಯಾಲಿಸಿಸ್‌ನಲ್ಲಿರುವಾಗ ಲಸಿಕೆಗೆ ತಕ್ಕಮಟ್ಟಿಗೆ ಸ್ಪಂದಿಸುವ ಅದೇ ಮನುಷ್ಯ ಕಸಿಯ ಹೊತ್ತಿನಿಂದ, ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಂತೆ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಸ್ಟೀರಾಯ್ಡ್ ಮೂರನ್ನೂ ನುಂಗತೊಡಗುತ್ತಾನೆ. ಅಮೆರಿಕದಲ್ಲಿ ಅಂಗಾಂಗ ಕಸಿಯಾದ 658 ಮಂದಿಯನ್ನು ನೋಡಿದಾಗ ಎಂಆರ್‌ಎನ್‌ಎ ಎರಡು ಡೋಸಿನ ನಂತರವೂ ಶೇ 54 ಜನರಿಗಷ್ಟೇ ಪ್ರತಿಕಾಯ ಬಂದಿತ್ತು. ಅದಕ್ಕೇ ಬಾಕಿ ಇರುವ ಲಸಿಕೆಗಳನ್ನೆಲ್ಲ ಕಸಿಗೆ ಕನಿಷ್ಠ ಎರಡು ವಾರ ಮೊದಲು ಮುಗಿಸಬೇಕು. ತಪ್ಪಿದರೆ ಕಸಿಯಾಗಿ ಒಂದರಿಂದ ಮೂರು ತಿಂಗಳು ಕಾಯಬೇಕು. ಲಸಿಕೆ ಹಿಡಿಯಲಿ ಎಂದು ಮೈಕೊಫಿನೊಲೇಟನ್ನು ತಾವೇ ನಿಲ್ಲಿಸುವವರೂ ಇದ್ದಾರೆ, ಅದರಿಂದ ಕಸಿಯಾದ ಕಿಡ್ನಿಯನ್ನೇ ಮೈ ತಿರಸ್ಕರಿಸಬಹುದು.

ರಕ್ತದ ಗುಂಪು ಹೊಂದದ ದಾನಿಯಿಂದ ಕಸಿ ಮಾಡುವಾಗ ಎರಡು ವಾರದ ಲೆಕ್ಕವೂ ಸಾಲದು. ಅಲ್ಲಿ ಕಸಿಗೆ ಎರಡರಿಂದ ನಾಲ್ಕು ವಾರ ಮೊದಲೇ ರಿಟುಕ್ಸಿಮ್ಯಾಬ್ ಕೊಡುವ ಪದ್ಧತಿ ಇದೆ. ಅದು ಪ್ರತಿಕಾಯ ಮಾಡುವ ಬಿ ಕೋಶಗಳನ್ನೇ ಅಳಿಸುತ್ತದೆ, ಆಮೇಲೆ ಆರು ತಿಂಗಳವರೆಗೆ ಹಾಕಿದ ಲಸಿಕೆಗೆ ಪ್ರತಿಕಾಯ ಹುಟ್ಟುವುದೇ ಕಷ್ಟ. ಇಂಥವರ ಲಸಿಕೆಯ ದಿನವನ್ನು ಆಪರೇಷನ್ ದಿನದಿಂದ ಹಿಂದಕ್ಕೆ ಎಣಿಸಬಾರದು, ರಿಟುಕ್ಸಿಮ್ಯಾಬ್ ದಿನದಿಂದ ಹಿಂದಕ್ಕೆ ಎಣಿಸಬೇಕು. ದಾನಿ ಮನೆಯವರೇ ಆಗಿದ್ದರೆ ಅವರದ್ದೂ, ಅಡುಗೆ ಮಾಡಿ ಬಡಿಸುವವರದ್ದೂ ಲಸಿಕೆ ಅದೇ ವಾರಗಳಲ್ಲಿ ಮುಗಿಯಬೇಕು.